ವಾರಕ್ಕೊಂದೋ, ಒಟ್ಟಿಗೋ

ನಮ್ಮೂರಿನಲ್ಲಿ ತಿಥಿಯ ಊಟ ಮುಗಿದು, ಎಲೆ ಎತ್ತಿ, ನೆಂಟರೆಲ್ಲ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಬೀದಿಯ ಹಿರಿಯರೊಬ್ಬರು ಎದ್ದು ನಿಂತು ಕೇಳುತ್ತಾರೆ, "ವಾರಕ್ಕೊಂದೋ, ಒಟ್ಟಿಗೋ?" ಗಂಡ ಸತ್ತರೆ ಹೆಂಡತಿಯನ್ನು ಕೇಳುತ್ತಾರೆ, ಹೆಂಡತಿ ಸತ್ತರೆ ಗಂಡನನ್ನು. ಇಬ್ಬರೂ ಇಲ್ಲದಿದ್ದರೆ ಮಾತ್ರ ಮಕ್ಕಳನ್ನು. ಅಲ್ಲೇ, ಎಲ್ಲರೆದುರಿಗೇ ಉತ್ತರ ಹೇಳಬೇಕು. ಯೋಚಿಸಿ ನಾಳೆ ಹೇಳುತ್ತೇನೆ ಅನ್ನುವ ಹಾಗಿಲ್ಲ. ಅತ್ತು ಅತ್ತು ತಲೆ ಸಿಡಿಯುತ್ತಿರುತ್ತದೆ, ಹೊಟ್ಟೆಯಲ್ಲಿ ಒಲ್ಲದ ವಡೆ ಪಾಯಸ ಕೂತಿರುತ್ತದೆ, ಇಂಥ ಹೊತ್ತಲ್ಲಿ ಕೇಳುತ್ತಾರಲ್ಲ, ಇವರಿಗೇನು ಬುದ್ಧಿಗಿದ್ಧಿ ಇದೆಯಾ ಅಂತ ಬೇರೆಯವರ ಮನೆಯ ತಿಥಿಗಳಲ್ಲಿ ನಾನು ಎಷ್ಟೋ ಸಲ ಗೊಣಗಿದ್ದೇನೆ. ನನ್ನ ಸರದಿ ಬಂದಾಗ ಮಾತ್ರ ಯೋಚನೆಯೇ ಬೇಕಾಗಲಿಲ್ಲ.

ತಿಥಿಯಾದ ಮೇಲಿನ ಗುರುವಾರ, ದೀಪ ಹಚ್ಚುವ ಹೊತ್ತಿಗೆ, ಸತ್ತವರು ಅವರ ಮನೆಯ ಟೀವಿಯಲ್ಲಿ ಬರುತ್ತಾರೆ. ತೊಟ್ಟಿಲಿನಿಂದ ಶುರು. ಒಂದು ಸಂಜೆಗೆ ಒಂದು ಕಂತು. ಮುಗಿಯುವಾಗ ಕೆಳಗೆ ಮೂಲೆಯಲ್ಲಿ ‘ಮುಂದುವರಿಯುವುದು’ ಅಂತ ಬರೆದುಕೊಂಡು ಬರುತ್ತದೆ. ಬಂದರೆ ಇನ್ನೂ ಇದೆ ಅಂತ, ಬರದಿದ್ದರೆ ಮುಗಿಯಿತು ಅಂತ. ಎಷ್ಟು ಕಂತಿವೆ ಅನ್ನುವುದು ಮೊದಲೇ ಯಾರಿಗೂ ತಿಳಿಯುವುದಿಲ್ಲ. ವಾರದ ತನಕ ಕಾಯಲಾರದವರು ರಿಮೋಟಿನ ಬಲಗಡೆಯ ಗುಂಡಿ ಒತ್ತಿದರೆ ಮುಂದಿನದು ಆಗಲೇ ಶುರುವಾಗುತ್ತದೆ. ಹಿಂದಕ್ಕೆ ಹೋಗುವುದಕ್ಕೆ ಗುಂಡಿ ಇಲ್ಲ. ಒಮ್ಮೆ ಬಂದು ಹೋದದ್ದು ಬಂದುಹೋದದ್ದೇ.

ಕಂತು ಉಳಿದಿರುವ ತನಕ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಮಾತಿಲ್ಲ ಕತೆಯಿಲ್ಲ. ಆದರೆ ಬೆಳಿಗ್ಗೆ ಅವರ ಲೋಟಕ್ಕೆ ಕಾಫಿ ಹಾಕಿಟ್ಟು ನೀವು ಸ್ನಾನ ಮುಗಿಸಿ ಬಂದರೆ ಲೋಟ ಖಾಲಿಯಾಗಿರುತ್ತದೆ. ಅವರ ಕುರ್ಚಿಯ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಕೊನೆಯ ಕಂತು ಮುಗಿದ ಮೇಲೆ ಲೋಟದ ಕಾಫಿ ಹಾಕಿದಷ್ಟೇ ಇದ್ದು ಕೆನೆ ಕಟ್ಟುತ್ತದೆ. ಆಗ ಮನೆಯವರು ಆ ಕುರ್ಚಿಯನ್ನು ಅಂಗಳಕ್ಕೆ ತಂದು ಕಾಲು ಮೇಲಾಗಿ ಮಗುಚಿ ಇಡುತ್ತಾರೆ. ಬೀದಿಯವರು ಅದನ್ನು ನೋಡಿ, ಬಂದು, ಏನೂ ಕೇಳದೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಾರೆ.

ಹಳಬರೆಲ್ಲ ವಾರದವರು. ಈಗಿನ ಹುಡುಗರಿಗೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು? ಮೇಲಿನ ಬೀದಿಯ, ಮೊದಲೇ ತೀರಿಹೋಗಿದ್ದ ಕೆಂಚಪ್ಪನ ಮಕ್ಕಳು ಬಾಗಿಲು ಹಾಕಿಕೊಂಡು, ಹೋಟೆಲಿಂದ ಪರೋಟ ತರಿಸಿಕೊಂಡು, ತಮ್ಮ ತಾಯಿಯನ್ನು ಮೂರೇ ದಿನದಲ್ಲಿ ನೋಡಿ ಮುಗಿಸಿ ಕೈ ತೊಳೆದುಕೊಂಡರು. ಕಣ್ಣು ಊದಿಸಿಕೊಂಡು ಹೊರಗೆ ಬಂದವರನ್ನು ನಾನೇ ಕೇಳಿದೆ, "ನಿಮ್ಮಮ್ಮ ಚಿಕ್ಕೋಳಿದ್ದಾಗ ಹೇಗಿದ್ದಳ್ರೋ?" ಒಬ್ಬ ಎರಡು ಜಡೆ ಅಂದ, ಇನ್ನೊಬ್ಬ ಅದು ಅಮ್ಮ ಅಲ್ಲ ಚಿಕ್ಕಮ್ಮ ಅಂದ. ಅಲ್ಲೇ ಜಗಳಕ್ಕೆ ಬಿದ್ದರು. ಒಟ್ಟಿಗೆ ನೋಡಿದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ, ನೋಡಿ.

ಹಾಗಂತ ವಾರದವರೇನು ಸುಖವಾಗಿದ್ದಾರೆ ಅಂತ ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಮನೆಯ ದಾಕ್ಷಾಯಿಣಕ್ಕ ಗಂಡನನ್ನು ವಾರಕ್ಕೊಂದರಂತೆ ವರ್ಷಗಟ್ಟಲೆ ನೋಡಿದಳು. ಗುರುವಾರ ಬಿಟ್ಟು ಹೋಗಬೇಕಲ್ಲ ಅಂತ ತವರಿನ ಮದುವೆಗೆ ಹೋಗಲಿಲ್ಲ, ಅಣ್ಣ ಸತ್ತಾಗಲೂ ಸಂಜೆಯೊಳಗೆ ಓಡಿ ಬಂದಳು. ತನ್ನ ಮದುವೆಯ ಕಂತು ಯಾವಾಗ ಬರುತ್ತದೋ ಅಂತ ಕಾದದ್ದೇ ಕಾದದ್ದು. ಕೊನೆಗೆ ಬಂದದ್ದು ಏನು? ಮದುವೆಯ ಬೆಳಿಗ್ಗೆ ಆತ ಕ್ಷೌರಕ್ಕೆ ಕೂತದ್ದು. ಕ್ಷೌರದಲ್ಲೇ ಕಂತು ಮುಗಿಯಿತು, ಮುಂದಿನ ವಾರ ನೋಡಿದರೆ ಮೊದಲನೇ ಮಗು ಅಂಬೆಗಾಲಿಡುತ್ತಿತ್ತು. "ಅಲ್ಲ ಮಂಗಳಾ, ನನ್ನ ಧಾರೆಗಿಂತ ಆ ಕ್ಷೌರದೋನು ಹೆಚ್ಚಾದನಾ?" ಅಂತ ಅವಳು ನಲ್ಲಿಯ ಹತ್ತಿರ ನಿಂತು ನಗುತ್ತಾ ಕೇಳಿದಳು. ಕಣ್ಣಲ್ಲಿ ನೀರಿತ್ತು.

ನಮ್ಮ ಮನೆಯವರು ಲಗೇಜ್ ಆಟೋ ಓಡಿಸುತ್ತಿದ್ದರು. ಊರೆಲ್ಲ ಅವರನ್ನು ಮರಿಸ್ವಾಮಿ ಅನ್ನುತ್ತಿತ್ತು, ನಾನು ‘ಇವರೇ’ ಅನ್ನುತ್ತಿದ್ದೆ. ಬಾಯಿ ಇಲ್ಲದ ಮನುಷ್ಯ. ಇಬ್ಬರ ಪಾಲಿನದೂ ನಾನೇ ಮಾತಾಡುತ್ತಿದ್ದೆ ಅಂತ ನನ್ನ ತಂಗಿ ಛೇಡಿಸುತ್ತಾಳೆ, ಇರಲಿ. ಮನಸ್ಸಿಗೆ ನೋವಾದರೆ ಇವರು ಹೇಳುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೆಳಗಿಳಿಸಿ, ಎರಡು ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಾ ಕೂರುತ್ತಿದ್ದರು. ಇದನ್ನು ನಾನು ಮದುವೆಯ ದಿನವೇ ಕಂಡುಕೊಂಡೆ. ನಮ್ಮ ದೊಡ್ಡಪ್ಪ ಊಟದ ಪಂಕ್ತಿಯಲ್ಲಿ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಆಟೋ ಓಡ್ಸೋನಿಗೆ ಕೊಟ್ಟು ಹುಡುಗೀನ ಬಾವಿಗೆ ತಳ್ಳಿದ ಹಾಗಾಯ್ತು" ಅಂದುಬಿಟ್ಟರು. ಇವರು ತಲೆ ಎತ್ತಲಿಲ್ಲ. ಆಮೇಲೆ ಛತ್ರದ ಹಿಂದಿನ ಜಗಲಿಯಲ್ಲಿ ಒಬ್ಬರೇ ಕೂತು ಮದುವೆಯ ಶಲ್ಯವನ್ನು ಹಿಂಡಿ ಹಿಂಡಿ ಅದರ ಜರಿಯ ಅಂಚು ಎಳೆ ಎಳೆಯಾಗಿ ಕಿತ್ತು ಬಂದಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರ ಕೈಯಿಂದ ಶಲ್ಯ ಬಿಡಿಸಿಕೊಂಡೆ. ನನ್ನ ಪಾಲಿಗೆ ಮದುವೆಯಾದದ್ದು ಆಗಲೇ, ಧಾರೆ ಎರೆದಾಗಲ್ಲ.

ನಮ್ಮ ಮಗಳು ಸಿಂಚನ ಡಿಗ್ರಿ ಕೊನೆಯ ವರ್ಷದಲ್ಲಿದ್ದಳು. ಅಪ್ಪನ ಮುದ್ದು. ಅಪ್ಪ ಟವೆಲ್ ಹಿಂಡುವುದನ್ನು ಅವಳು ಗಮನಿಸಿರಲಿಲ್ಲ. ಅವಳೆದುರು ಅವರಿಗೆ ನೋವಾಗುತ್ತಿದ್ದದ್ದು ಕಡಿಮೆ, ಅವಳು ಮೊಬೈಲಿನಿಂದ ತಲೆ ಎತ್ತುತ್ತಿದ್ದದ್ದೂ ಕಡಿಮೆ. ಇವರು ಪ್ರತಿ ಭಾನುವಾರ ಬರುವ ಒಂದು ಧಾರಾವಾಹಿಗೆ ಕಾಯುತ್ತಿದ್ದರು. ಒಬ್ಬ ಲಾಯರನ ಮನೆ, ಮುನಿಸಿಕೊಂಡು ಎಲ್ಲೋ ಹೋಗಿಬಿಟ್ಟ ಹಿರಿಸೊಸೆ, ಅವಳು ಬರುತ್ತಾಳೋ ಇಲ್ಲವೋ ಅನ್ನುವುದೇ ಕತೆ. ವಾರವೆಲ್ಲ ಆಟೋ ಸ್ಟ್ಯಾಂಡಿನಲ್ಲಿ ಅದೇ ಚರ್ಚೆ. "ಬರ್ತಾಳೆ ನೋಡು, ಯುಗಾದಿ ಒಳಗೆ ಬಂದೇ ಬರ್ತಾಳೆ" ಅಂತ ನನ್ನ ಹತ್ತಿರ ಅವರಾಗಿ ಬಾಯಿ ಬಿಡುತ್ತಿದ್ದದ್ದು ಅದೊಂದೇ ವಿಷಯಕ್ಕೆ. ಮಗಳು ಅದನ್ನು ಮೊಬೈಲಿನಲ್ಲಿ ಒಂದೇ ಸಲಕ್ಕೆ ಪೂರ್ತಿ ನೋಡಿ ಮುಗಿಸಿದ್ದಳು.

ಆವತ್ತು ಬೆಳಿಗ್ಗೆ ಇವರು ಆಟೋಗೆ ಹೊರಟಿದ್ದರು. ಮಗಳು ತಿಂಡಿ ತಟ್ಟೆ ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದಳು. "ದೋಸೆ ಆರಿಹೋಯ್ತಲ್ಲಮ್ಮ, ಆ ಹಾಳಾದ್ದನ್ನ ಪಕ್ಕಕ್ಕಿಡು" ಅಂದರು. ಅಷ್ಟೇ ಅಂದದ್ದು. ಅವಳಿಗೆ ಎಲ್ಲಿತ್ತೋ ಸಿಟ್ಟು, "ನೀವು ಮಾತ್ರ ಆ ಹಾಳು ಧಾರಾವಾಹಿಗೆ ವಾರವೆಲ್ಲ ಬಾಯಿ ಬಿಟ್ಕೊಂಡು ಕಾಯ್ಬಹುದಾ? ಹಿರಿಸೊಸೆ ಬರಲ್ಲ ಅಪ್ಪಾ. ಅವಳು ಸತ್ತು ಎಷ್ಟೋ ಕಾಲ ಆಗಿದೆ, ಕೊನೇಲಿ ಬರೀ ಫೋಟೋ ತೋರಿಸ್ತಾರೆ. ಇನ್ಮೇಲೆ ಕಾಯೋದು ಬೇಡ ಬಿಡಿ" ಅಂದುಬಿಟ್ಟಳು. ನಾನು ಒಲೆಯ ಮುಂದೆ ನಿಂತವಳು ಸಟ್ಟುಗ ಬಿಟ್ಟು ಓಡಿ ಬಂದೆ. ನಮ್ಮೂರಲ್ಲಿ ಮುಂದಿನದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದೇ ಅದನ್ನು. ಇವರು ಚಪ್ಪಲಿ ಮೆಟ್ಟಿಕೊಂಡು, "ಹೇಳ್ಬಿಟ್ಟೆಯಲ್ಲ ಕಂದಾ" ಅಂದರು. ಹೊರಟರು. ಮಧ್ಯಾಹ್ನ ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದರು. ಹಾರ್ಟು ಅಂದರು ಡಾಕ್ಟರು.

ತಿಥಿಯ ದಿನ ನಮ್ಮ ಬೀದಿಯ ಹಿರಿಯರು ಸಿದ್ದಲಿಂಗಪ್ಪನವರು ಎದ್ದು ನಿಂತು, "ವಾರಕ್ಕೊಂದೋ ಒಟ್ಟಿಗೋ, ಮಂಗಳಮ್ಮ?" ಅಂದರು. "ವಾರಕ್ಕೊಂದು" ಅಂದೆ ನಾನು. ನನ್ನ ಬಾಯಿ ಮುಚ್ಚುವ ಮೊದಲೇ ಕಂಬದ ಪಕ್ಕದಿಂದ "ಒಟ್ಟಿಗೆ" ಅಂತ ಕೇಳಿಸಿತು. ಎಲ್ಲರೂ ಸಿಂಚನಳ ಕಡೆ ತಿರುಗಿದರು. "ಮಕ್ಕಳನ್ನ ಕೇಳಿಲ್ಲ ಕಣಮ್ಮ" ಅಂದರು ಸಿದ್ದಲಿಂಗಪ್ಪನವರು, ಬೈಯುವ ಹಾಗಲ್ಲ, ಸಮಾಧಾನವಾಗಿಯೇ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುರುವಾಯಿತು. ಗುರುವಾರ ಬಂತೆಂದರೆ ನಾನು ಮುಖ ತೊಳೆದು ಹೂ ಮುಡಿಯದೆ, ಹೂ ಮುಡಿದಷ್ಟೇ ಸಡಗರದಲ್ಲಿ ಕೂರುತ್ತಿದ್ದೆ. ನಮ್ಮತ್ತೆ ನಗುತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ, ಮಗುವಿಗೆ ಎಣ್ಣೆ ತೀಡುತ್ತಾ ಎಷ್ಟು ನಗುತ್ತಿದ್ದಳು! ಒಂದು ಕಂತು ಪೂರ್ತಿ ಇವರು ಸೀಮೆಎಣ್ಣೆ ಕ್ಯೂನಲ್ಲಿ ಡಬ್ಬ ಹಿಡಿದು ನಿಂತದ್ದೇ. "ಇದನ್ನೂ ನೋಡ್ಬೇಕಾ ಅಮ್ಮ?" ಅಂದಳು ಮಗಳು. "ನಿಂತ್ಕೊಂಡಿದ್ದೋರು ಅವ್ರು. ಕೂತ್ಕೊಂಡು ನೋಡೋಕೆ ನಿನಗೇನೇ ಕಷ್ಟ?" ಅಂದೆ. ನಲ್ಲಿಯ ಹತ್ತಿರ ಹೆಂಗಸರು, "ಎಲ್ಲಿಗೆ ಬಂದ್ರು ನಿಮ್ಮನೆಯವ್ರು?" ಅಂತ ಕೇಳಿದರೆ, "ಇನ್ನೂ ಏಳನೇ ಕ್ಲಾಸು, ಲೆಕ್ಕದಲ್ಲಿ ಫೇಲು" ಅಂತ ಜಂಬದಿಂದಲೇ ಹೇಳುತ್ತಿದ್ದೆ. ಬೆಳಿಗ್ಗೆ ಕಾಫಿ ಲೋಟ ಖಾಲಿಯಾಗುತ್ತಿತ್ತು. ನಾನು ಗಂಡ ಸತ್ತವಳು ಅನ್ನುವುದು ಎಷ್ಟೋ ಸಲ ಮರೆತೇ ಹೋಗುತ್ತಿತ್ತು.

ಸಿಂಚನ ಕಾಲೇಜು ಬಿಟ್ಟಳು. ಊಟಕ್ಕೆ ಕೂತರೆ ಅನ್ನ ಕಲಸುತ್ತಾ ಕಲಸುತ್ತಾ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಕೂದಲು ಬಾಚಣಿಗೆಗೆ ಗೊಂಚಲು ಗೊಂಚಲಾಗಿ ಬರುತ್ತಿತ್ತು. ಮೊಬೈಲ್ ಮುಟ್ಟುವುದನ್ನೇ ಬಿಟ್ಟಳು, ಅದೊಂದಕ್ಕೆ ನನಗೆ ಹೆದರಿಕೆಯಾಯಿತು. ಒಂದು ದಿನ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಬಂದು ಕೂತಳು.

"ಅಮ್ಮ, ಕೊನೇ ಕಂತಿಗೆ ಹೋಗೋಣಮ್ಮ. ನಿನ್ನ ಕಾಲಿಗೆ ಬೀಳ್ತೀನಿ."

"ಯಾಕೆ? ಏನು ಅವಸರ ನಿನಗೆ?"

"ಅಪ್ಪ ಆವತ್ತು ಟೀ ಅಂಗಡೀಲಿ ಹೇಗಿದ್ರು ಅಂತ ನೋಡ್ಬೇಕು. ನಾನು ಅಂದದ್ದನ್ನ ಹೊಟ್ಟೇಲಿಟ್ಕೊಂಡು ಹೋದ್ರಾ, ಮರೆತು ಹೋದ್ರಾ, ಅಷ್ಟು ಗೊತ್ತಾದ್ರೆ ಸಾಕು. ಗೊತ್ತಾಗದೆ ನನಗೆ ಅನ್ನ ಗಂಟಲಲ್ಲಿ ಇಳೀತಿಲ್ಲ."

"ಮಗಳು ಅಂದ ಒಂದು ಮಾತಿಗೆ ಯಾರೂ ಸಾಯಲ್ಲ ಕಣೇ. ಸುಮ್ನಿರು."

"ನಿನಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. "ಅವ್ರು ಇನ್ನೂ ಆಟೋ ಕಲೀತಿದ್ದಾರೆ. ಇನ್ನೇನು ಹೆಣ್ಣು ನೋಡೋಕೆ ಬರ್ತಾರೆ. ನಾನು ಬರೋದನ್ನ ನಾನು ನೋಡ್ಬಾರ್ದಾ? ನನ್ನ ಮದುವೆ ನಾನು ನೋಡ್ಬಾರ್ದಾ?" ಅಂತ ರೇಗಿದೆ. "ನೀನು ನಿನ್ನದನ್ನೇ ನೋಡ್ಕೊ" ಅಂದು ಅವಳು ಎದ್ದು ಹೋದಳು. ಇಬ್ಬರಿಗೂ ಬೇಕಾದದ್ದು ಒಬ್ಬರೇ ಮನುಷ್ಯ, ಆದರೆ ನನಗೆ ಅವರು ಬಂದದ್ದು ಬೇಕಿತ್ತು, ಅವಳಿಗೆ ಅವರು ಹೋದದ್ದು ಬೇಕಿತ್ತು. ಆವತ್ತು ಇದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಿಟ್ಟುಕೊಡುತ್ತಿದ್ದೆನಾ ಅಂದರೆ, ಇಲ್ಲ.

ಆ ಗುರುವಾರದ ಕಂತಿನಲ್ಲಿ ಇವರು ಹೊಸ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಬಳಿದುಕೊಂಡು, ನನ್ನ ತವರೂರಿನ ಬಸ್ಸು ಹತ್ತಿದರು. ಕಿಟಕಿ ಪಕ್ಕ ಕೂತರು. ಅಷ್ಟಕ್ಕೆ ‘ಮುಂದುವರಿಯುವುದು’ ಬಂತು. ಮುಂದಿನ ವಾರ ಬಸ್ಸಿಳಿದರೆ ನಮ್ಮನೆ, ಕಾಫಿ ತಟ್ಟೆ ಹಿಡಿದು ಬರುವವಳು ನಾನು. ಮರುದಿನವೇ ಅಡುಗೆ ಗುಂಡಣ್ಣನ ಜೊತೆ ಒಂದು ಮದುವೆಯ ಅಡುಗೆಗೆ ಹೋಗಬೇಕಿತ್ತು. ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಸಾರಿಗೆ ಒಗ್ಗರಣೆ, ಇದೇ ನನ್ನ ಕೆಲಸ. ಶುಕ್ರವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ಬರುವುದು. ಗುರುವಾರಕ್ಕೆ ಇನ್ನೂ ದಿನವಿದೆಯಲ್ಲ ಅಂತ ಹೊರಟೆ. "ಅಪ್ಪನಿಗೆ ಕಾಫಿ ಮರೀಬೇಡ" ಅಂದೆ. ಸಿಂಚನ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು.

ಛತ್ರದಲ್ಲಿ ಹುಡುಗಿಗೆ ಧಾರೆ ಎರೆಯುವಾಗ ನಾನು ಹಿಂದೆ ಕೊಪ್ಪರಿಗೆಯ ಹತ್ತಿರ ನಿಂತು, ಬರುವ ವಾರಗಳಲ್ಲಿ ನನ್ನ ಧಾರೆ ನೋಡುತ್ತೇನಲ್ಲ ಅಂತ ಖುಷಿಪಡುತ್ತಿದ್ದೆ. ಗುಂಡಣ್ಣ, "ಏನ್ ಮಂಗಳಮ್ಮ, ಒಬ್ಬೊಬ್ರೇ ನಗ್ತಿದ್ದೀರ, ಪಾಯಸಕ್ಕೆ ಉಪ್ಪು ಹಾಕೀರ ಜೋಕೆ" ಅಂದ.

ಭಾನುವಾರ ಸಂಜೆ, ಡಬ್ಬದಲ್ಲಿ ಉಳಿದ ಹೋಳಿಗೆ ಕಟ್ಟಿಸಿಕೊಂಡು ಬೀದಿ ತಿರುಗಿದೆ. ದಾಕ್ಷಾಯಿಣಕ್ಕ ತನ್ನ ಬಾಗಿಲಲ್ಲಿ ನಿಂತಿದ್ದವಳು ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಯಾರ ಮನೆಯಲ್ಲಿ ಏನಾಯಿತೋ ಅಂದುಕೊಂಡೆ. ಇನ್ನು ನಾಲ್ಕು ಹೆಜ್ಜೆ ಹಾಕಿದೆ. ನಮ್ಮ ಅಂಗಳದಲ್ಲಿ ಇವರ ಕುರ್ಚಿ ಇತ್ತು. ಕಾಲು ಮೇಲಾಗಿ ಮಗುಚಿತ್ತು.

ಒಳಗೆ ಟೀವಿ ಆರಿತ್ತು. ಸಿಂಚನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ರಿಮೋಟ್ ಮಡಿಲಲ್ಲಿತ್ತು. ಕಣ್ಣು ಕೆಂಡವಾಗಿತ್ತು. "ಅಮ್ಮ..." ಅಂತ ಬಾಯಿ ತೆರೆದಳು. "ಒಂದಕ್ಷರ ಆಡ್ಬೇಡ" ಅಂದೆ. "ಮುಂದಿನದು ಹೇಳೋ ಬಾಯಿ ನಿನ್ನದು. ಅಪ್ಪನಿಗೆ ಹೇಳ್ದೆ, ಅವರು ಹೋದ್ರು. ಈಗ ನನಗೂ ಹೇಳ್ಬೇಕಾ?" ಈ ಮಾತು ಆಡಬಾರದಿತ್ತು. ಆಡಿಬಿಟ್ಟೆ. ಅವಳು ಮುಖ ಮುಚ್ಚಿಕೊಳ್ಳಲೂ ಇಲ್ಲ, ಹಾಗೇ ನೋಡುತ್ತಾ ಕೂತಿದ್ದಳು. ನಾನು ಹೋಳಿಗೆ ಡಬ್ಬ ಗೋಡೆಗೆ ಎಸೆದೆ. ಬೀದಿಯವರು ಬಂದು, ಕೂತು, ಎದ್ದು ಹೋದರು.

ಬೆಳಿಗ್ಗೆ ಗೊತ್ತಿದ್ದೂ ಗೊತ್ತಿದ್ದೂ ಲೋಟಕ್ಕೆ ಕಾಫಿ ಹಾಕಿದೆ. ಸ್ನಾನ ಮಾಡಿ ಬಂದೆ. ಕೆನೆ ಕಟ್ಟಿತ್ತು. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಗಂಡ ಸತ್ತ ದಿನ ನಾನು ಅತ್ತದ್ದು ಜನರ ಎದುರಿಗೆ. ಆವತ್ತು ಅಡುಗೆಮನೆಯಲ್ಲಿ ಲೋಟ ಹಿಡಿದುಕೊಂಡು ಅತ್ತದ್ದೇ ನಿಜವಾದ ಅಳು.

ಆ ವಾರ ನಾವಿಬ್ಬರೂ ಮಾತಾಡಲಿಲ್ಲ. ಗುರುವಾರ ದೀಪ ಹಚ್ಚಿ, ಕಾಲು ಅಭ್ಯಾಸದಂತೆ ಎಳೆದುಕೊಂಡು ಬಂದದ್ದಕ್ಕೆ ಟೀವಿಯ ಮುಂದೆ ಕೂತೆ. ಆರಿದ ಟೀವಿ. ಸಿಂಚನ ಬಂದು ಟೀವಿಗೆ ಬೆನ್ನು ಮಾಡಿ, ನನ್ನ ಎದುರಿಗೆ ಕೂತಳು. ಸ್ವಲ್ಪ ಹೊತ್ತು ಬೆರಳು ಮುರಿದುಕೊಂಡಳು.

"ಅಪ್ಪ ಬಸ್ಸಿಳಿದ್ರು. ಶರ್ಟಿನ ಕಾಲರ್ ಒದ್ದೆಯಾಗಿತ್ತು, ಎಣ್ಣೆ ಜಾಸ್ತಿ ಹಾಕ್ಕೊಂಡಿದ್ರಲ್ಲ. ನಿಮ್ಮನೆ ಬಾಗಿಲಲ್ಲಿ ನಾಯಿ ಇತ್ತು."

"ಇತ್ತು. ಕರಿಯ ಅಂತ" ಅಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ.

"ಅಪ್ಪ ಹೆದರಿ, ಜೊತೆಗೆ ಬಂದಿದ್ದ ತಾತನ ಹಿಂದೆ ನಿಂತ್ಕೊಂಡ್ರು. ಆಮೇಲೆ ಒಳಗೆ ಕೂತ್ರು. ನೀನು ಕಾಫಿ ತಂದೆ. ಹಸಿರು ಸೀರೆ. ತಟ್ಟೆಗೆ ಕಾಫಿ ಚೆಲ್ತು. ಅಪ್ಪ ತಟ್ಟೇಲಿ ಚೆಲ್ಲಿದ್ದನ್ನೂ ಕುಡಿದ್ರು." ನಾನು ಕಾದೆ. "ಮುಂದುವರಿಯುವುದು" ಅಂದಳು.

ಮುಂದಿನದನ್ನು ಹೇಳಿ ಮನೆ ಮುರಿದ ಹುಡುಗಿ ಹೀಗೆ ಕತ್ತರಿಸಿ ಕತ್ತರಿಸಿ ಹೇಳುವುದನ್ನು ಕಲಿತಳು. ಪ್ರತಿ ಗುರುವಾರ ಒಂದೊಂದೇ. ನನ್ನ ಸಿಟ್ಟು ಇಳಿಯಿತು ಅಂತಲ್ಲ. ಅವಳು ಹೇಳುತ್ತಿದ್ದರೆ ನಾನು ಅವಳ ಮುಖ ನೋಡದೆ ಗೋಡೆ ನೋಡುತ್ತಾ ಕೇಳುತ್ತಿದ್ದೆ. ಆದರೂ ಬುಧವಾರ ಬಂದರೆ ನಾಳೆ ಏನು ಹೇಳುತ್ತಾಳೋ ಅಂತ ಮನಸ್ಸು ಹಾತೊರೆಯುತ್ತಿತ್ತು. ಲೋಟ ಮಾತ್ರ ತುಂಬಿಯೇ ಇರುತ್ತಿತ್ತು. ಕೆಲವು ವಾರ ಆದ ಮೇಲೆ ಕಾಫಿ ಹಾಕುವುದನ್ನು ಬಿಟ್ಟೆ.

ಅವಳು ನೋಡಿ ಮುಗಿಸಿದಳು, ಗೊತ್ತಾಗಬೇಕಾದ್ದು ಗೊತ್ತಾಯಿತು, ಇನ್ನಾದರೂ ಉಂಡು ತಿಂದು ನೆಟ್ಟಗಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಮೊದಲಿಗಿಂತ ಇಳಿದಳು. ಬಳೆ ಮೊಣಕೈಗೆ ಜಾರುತ್ತಿತ್ತು. ಒಂದು ಸಂಜೆ ಅವಳು ಅಕ್ಕಿ ತೊಳೆಯಲು ಹೋಗಿ ನಲ್ಲಿ ಬಿಟ್ಟುಕೊಂಡು ಹಾಗೇ ನಿಂತಿದ್ದಳು, ಅಕ್ಕಿಯೆಲ್ಲ ನೀರಿನ ಜೊತೆ ಹರಿದು ಹೋಗುತ್ತಿತ್ತು. ನಲ್ಲಿ ನಿಲ್ಲಿಸಿದೆ. ಅವಳಿಗೆ ನಾನು ಬಂದದ್ದೂ ಗೊತ್ತಾಗಲಿಲ್ಲ. ಆಗ ನನಗೆ ತಿಳಿಯಿತು. ಕೊನೆಯದನ್ನು ನೋಡಿದವಳು ಅವಳೊಬ್ಬಳೇ. ನಾನು ವಾರಕ್ಕೊಂದು ಕೇಳುತ್ತಾ ನನ್ನ ಮದುವೆ, ಇವಳು ಹುಟ್ಟಿದ್ದು, ಇವಳ ನಾಮಕರಣ ಅಂತ ಮುಂದೆಯೂ ಆರಾಮಾಗಿ ಹೋಗುತ್ತಾ ಇದ್ದರೆ, ಇವಳು ಅಷ್ಟೂ ವರ್ಷ ಆ ಕೊನೆಯದನ್ನು ಒಬ್ಬಳೇ ಹೊತ್ತುಕೊಂಡಿರಬೇಕು. ಬಾಯಿ ಮುಚ್ಚಿಸಿದವಳು ನಾನೇ.

"ಸಿಂಚನಾ, ಕೊನೇದು ಹೇಳು" ಅಂದೆ.

ಅವಳು ತಿರುಗಿದಳು. "ಬೇಡಮ್ಮ. ಇನ್ನೂ ನಿನ್ನ ಮದುವೇನೇ ಬಂದಿಲ್ಲ."

"ಮದುವೆ ಮನೆ ಹಾಳಾಗಲಿ. ಹೇಳು ಅಂದೆನಲ್ಲ."

ಅಲ್ಲೇ, ಅಡುಗೆಮನೆಯ ನೆಲದ ಮೇಲೆ ಕೂತೆವು. ಅವಳು ಹೇಳಿದಳು. "ಟೀ ಅಂಗಡಿ ಬೆಂಚು ಅಮ್ಮ. ಅಪ್ಪ ಬೆನ್ನು ಈ ಕಡೆ ಮಾಡ್ಕೊಂಡು ಕೂತಿದ್ರು. ಮುಖ ಕಾಣ್ಲೇ ಇಲ್ಲ. ಯಾರೋ, ಮರಿಸ್ವಾಮಣ್ಣ ಭಾನುವಾರ ಏನಾಗ್ಬಹುದು, ಹಿರಿಸೊಸೆ ಬರ್ತಾಳಾ ಅಂತ ಕೇಳಿದ್ರು. ಅಪ್ಪ ಏನೂ ಹೇಳ್ಲಿಲ್ಲ. ತಿರುಗ್ತಾರೆ, ಈಗ ತಿರುಗ್ತಾರೆ ಅಂತ ನಾನು ಟೀವಿ ಹತ್ತಿರ ಹೋಗಿ ಕೂತೆ. ತಿರುಗ್ಲೇ ಇಲ್ಲಮ್ಮ. ಆಮೇಲೆ ಬರೀ ನೀಲಿ ಬಂತು. ಅಷ್ಟಕ್ಕೋಸ್ಕರ ನಿನ್ನದೆಲ್ಲ ಕಳೆದ್ಬಿಟ್ಟೆ."

ಅವಳು ಹುಚ್ಚಿಯ ಹಾಗೆ ಬಿಕ್ಕಿದಳು. ನಾನು ಬೆನ್ನು ಸವರಿದೆ. ಅವರ ಮುಖದಲ್ಲಿ ಏನೂ ಕಾಣುವುದಿಲ್ಲ ಅನ್ನುವುದು ನನಗೆ ಗೊತ್ತು, ನೋಡಬೇಕಾದ್ದು ಮುಖವಲ್ಲ. ಕೇಳಬಾರದಿತ್ತು, ಕೇಳಿದೆ.

"ಟವೆಲ್ ಎಲ್ಲಿತ್ತು?"

"ಕೈಯಲ್ಲಿ. ತುದಿ ಪಕ್ಕಕ್ಕೆ ಕಾಣ್ತಿತ್ತು. ಸುಮ್ನೆ ಹಿಂಡ್ತಾನೇ ಇದ್ರು, ನೀರಿಲ್ಲದ ಟವೆಲ್ಲು. ಕೊನೇ ತನಕ."

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ನಾನು ಎದ್ದು ಉರಿ ಸಣ್ಣ ಮಾಡಿದೆ. ಮುಖ ಅವಳಿಗೆ ಕಾಣದ ಹಾಗೆ ಒಂದು ಗಳಿಗೆ ಹಾಗೇ ನಿಂತೆ. ಆಮೇಲೆ ಬಂದು ಕೂತು, "ಅಯ್ಯೋ ಹುಚ್ಚಿ, ಇದನ್ನ ಮೊದಲೇ ಹೇಳೋದಲ್ವಾ?" ಅಂದೆ. "ಕೋಪ ಬಂದ್ರೆ, ನೋವಾದ್ರೆ ನಿಮ್ಮಪ್ಪ ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಬಿಗಿದು ಕೂರ್ತಿದ್ರು. ಕೈಯಲ್ಲಿ ಹಿಡ್ಕೊಂಡು ಹಿಂಡೋದು ಮನಸ್ಸು ಹಗುರಾಗಿದ್ದಾಗ. ಆಟ ಆಡೋ ಮಕ್ಕಳ ಹಾಗೆ. ಮೂವತ್ತು ಸಲ ನೋಡಿದ್ದೀನಿ ನಾನು. ನಿನ್ನ ಮಾತು ಅವರು ಬಾಗಿಲು ದಾಟೋಕೆ ಮೊದಲೇ ಮರೆತಿದ್ರು ಕಣೇ."

ಅವಳು ನನ್ನನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳು! ಅಪ್ಪನ ಇಡೀ ಬದುಕನ್ನು ಮೂರು ದಿನದಲ್ಲಿ ನೋಡಿದವಳು ಅವಳು, ಅದರಲ್ಲಿ ಟವೆಲ್ ಎಲ್ಲೆಲ್ಲಿ ಬಂದಿತ್ತೋ ಏನೋ. ಒಟ್ಟಿಗೆ ನೋಡಿದವರಿಗೆ ಎಲ್ಲ ಮುದ್ದೆಯಾಗುತ್ತದೆ, ಇವಳಿಗೂ ಹಾಗೇ ಆಗಿರಲಪ್ಪಾ ದೇವರೇ ಅಂತ ಮನಸ್ಸಲ್ಲೇ ಕೈ ಮುಗಿದೆ. ಆಮೇಲೆ ಅವಳು, "ಹೌದಾ ಅಮ್ಮ?" ಅಂದಳು. "ಹೌದು" ಅಂದೆ. ಆವತ್ತು ಅವಳು ತಟ್ಟೆಯಲ್ಲಿ ಬಿಡದೆ ಉಂಡಳು, ಮಜ್ಜಿಗೆಗೆ ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡಳು. ನನಗೆ ಮಾತ್ರ ಒಂದು ತುತ್ತೂ ಇಳಿಯಲಿಲ್ಲ. ಬಡಿಸುವ ನೆಪದಲ್ಲಿ ಎದ್ದು ಓಡಾಡಿದೆ.

ಆಮೇಲಿನ ಗುರುವಾರ ಮದುವೆಯ ಕಂತು ಬಂತು. ನಾನು ಇಷ್ಟು ದಿನ ಕಾದ ಕಂತು. ದಾಕ್ಷಾಯಿಣಕ್ಕನೂ ಕೇಳಲು ಬಂದಿದ್ದಳು, "ಕ್ಷೌರ ಹಾರಿಸಿ ಹೇಳಮ್ಮ" ಅಂತ ನಗಿಸಿದಳು. ಸಿಂಚನ ಚೆನ್ನಾಗಿ ಹೇಳಿದಳು. ವಾಲಗದವರಲ್ಲಿ ಒಬ್ಬನಿಗೆ ಕೆಮ್ಮು ಬಂದದ್ದು, ನನ್ನ ಬಾಸಿಂಗ ಓರೆಯಾದದ್ದು, ಧಾರೆ ನೀರು ಇವರ ಹೊಸ ಪಂಚೆಯ ಮೇಲೆ ಬಿದ್ದದ್ದು, ನಾನೇ ಮರೆತಿದ್ದನ್ನೆಲ್ಲ ಹೇಳಿದಳು. ಊಟದ ಪಂಕ್ತಿ ಬಂತು. ದೊಡ್ಡಪ್ಪನ ಮಾತು ಬಂತು. ಅದನ್ನು ಅವಳು ಇದ್ದದ್ದು ಇದ್ದಹಾಗೇ ಹೇಳಿದಳು.

"ಆಮೇಲೆ ಅಪ್ಪ ಛತ್ರದ ಹಿಂದೆ ಜಗಲೀಲಿ ಹೋಗಿ ಕೂತ್ರು" ಅಂದಳು. ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ, ತನ್ನ ಕೈ ನೋಡಿಕೊಂಡಳು. "ಶಲ್ಯ ಹೆಗಲ ಮೇಲೇ ಇತ್ತು. ಬಿಗಿದ್ಕೊಂಡು ಕೂತಿದ್ರು. ತುಂಬಾ ನೋವಾಗಿತ್ತು ಅನ್ಸುತ್ತೆ. ನೀನು ಹೋಗಿ ಪಕ್ಕದಲ್ಲಿ ಕೂತೆ."

ಆ ಶಲ್ಯ ಈಗಲೂ ನನ್ನ ಟ್ರಂಕಿನಲ್ಲಿದೆ. ಕಿತ್ತು ಬಂದ ಜರಿಯ ಎಳೆಗಳನ್ನು ಗಂಟು ಹಾಕಿ ಅದರ ಜೊತೆಗೇ ಇಟ್ಟಿದ್ದೇನೆ. ದಾಕ್ಷಾಯಿಣಕ್ಕ ನನ್ನ ಕಡೆ ತಿರುಗಿ, "ಹೌದಾ ಮಂಗಳಾ, ಹಾಗೇ ಕೂತಿದ್ರಾ?" ಅಂದಳು.

"ಹೌದಕ್ಕ" ಅಂದೆ. "ಹೆಗಲ ಮೇಲೇ ಇತ್ತು."

ಸಿಂಚನ ತಲೆ ಎತ್ತಿದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ಅವಳು "ಮುಂದುವರಿಯುವುದು" ಅಂದು ಎದ್ದು, ಅನ್ನಕ್ಕಿಡಲು ಒಳಗೆ ಹೋದಳು.